ಚಳಿಗೆ ತಡವಾಗಿ ಸಿಡಿಯುತ್ತಿದ್ದ ಗುಂಡು: ಪ್ರೈಮರ್ ಬದಲಿಸಿದ ನನ್ನ ಅನುಭವ

ಮಿನ್ನೆಸೋಟಾದ ಜನವರಿ ಚಳಿಯಲ್ಲಿ ಪೌಡರ್ (ಸಿಡಿಮದ್ದು), ಪ್ರೈಮರ್ (ಆ ಮದ್ದಿಗೆ ಕಿಡಿ ಹಚ್ಚುವ, ಗುಂಡಿನ ಬುಡದ ಪುಟ್ಟ ಬಿಲ್ಲೆ) ಹಾಕಿ ನಾನೇ ತುಂಬಿದ .30-06 ರೈಫಲ್ ಗುಂಡುಗಳು ಗುರಿಹಲಗೆಯ ಮೇಲೆ ಮೇಲೆ-ಕೆಳಗೆ ಚದುರತೊಡಗಿದವು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ವೇಗ ಒಂದೊಂದಕ್ಕೆ ಒಂದೊಂದು ಥರ. ಒಂದು ಸಲವಂತೂ ಟ್ರಿಗರ್ ಎಳೆದಾಗ ಮೊದಲು ‘ಟಿಕ್’, ಆಮೇಲೆ ‘ಢಂ’. ಇದೇ ಹ್ಯಾಂಗ್‌ಫೈರ್. ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು, ತಕ್ಷಣ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ತೆರೆಯಲೇಬಾರದು.

ಕಾರಣ ಪೌಡರ್‌ನಲ್ಲಿತ್ತು. ನಾನು ಬಳಸುತ್ತಿದ್ದದ್ದು ಬಾಲ್ ಪೌಡರ್, ಅಂದರೆ ಗುಂಡನೆಯ ಕಾಳುಗಳ ಮದ್ದು. ಆ ಕಾಳುಗಳ ಮೇಲೆ ಉರಿಯನ್ನು ನಿಧಾನಿಸುವ ಲೇಪ ಜಾಸ್ತಿ. ಚಳಿಯಲ್ಲಿ ಸಾಮಾನ್ಯ ಪ್ರೈಮರ್‌ನ ಕಿಡಿಗೆ ಅದು ಸಲೀಸಾಗಿ ಹತ್ತಿಕೊಳ್ಳುವುದಿಲ್ಲ. ಹಾಗಾಗಿ ಲಾರ್ಜ್ ರೈಫಲ್ ಮ್ಯಾಗ್ನಂ ಪ್ರೈಮರ್‌ಗೆ ಬಂದೆ. ಅಳತೆ ಅದೇ 0.210 ಇಂಚು, ಉರಿ ಮಾತ್ರ ಹೆಚ್ಚು.

ಆದರೆ ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗುತ್ತದೆ, ಅಲ್ವಾ? ಪೌಡರ್‌ನ ಹಳೆಯ ತೂಕಕ್ಕೇ ಹೊಸ ಪ್ರೈಮರ್ ಹಾಕಲಿಲ್ಲ. ಗುಂಡು ತುಂಬುವ ಕೈಪಿಡಿಯ ಆರಂಭದ ತೂಕಕ್ಕೆ ಇಳಿದು, ಸ್ವಲ್ಪ ಸ್ವಲ್ಪವೇ ಏರಿಸಿ, ಹಾರಿಸಿದ ಮೇಲೆ ಉಳಿದ ಪ್ರತಿ ಖಾಲಿ ಕೇಸನ್ನೂ (ಗುಂಡಿನ ಲೋಹದ ಕವಚ) ತಿರುಗಿಸಿ ನೋಡಿದೆ, ಒತ್ತಡ ಮಿತಿಮೀರಿದ ಗುರುತು ಕಾಣಲಿಲ್ಲ. ಪ್ರೈಮರ್ ಅಂಚು ಚಪ್ಪಟೆಯಾಗಿರಲಿಲ್ಲ, ಬೋಲ್ಟ್ ಹಗುರಾಗಿ ಏಳುತ್ತಿತ್ತು. ವೇಗ ಹತ್ತಿರ ಹತ್ತಿರ ಬಂತು, ಚದುರುವಿಕೆ ನಿಂತಿತು.

ಲಾರ್ಜ್ ಪಿಸ್ತೂಲ್ ಪ್ರೈಮರ್ ಅಗಲದಲ್ಲಿ ಇದರಷ್ಟೇ ಇರುತ್ತದೆ. ಎತ್ತರ ಕಡಿಮೆ, ಲೋಹ ತೆಳು. ರೈಫಲ್ ಕೇಸಿಗೆ ಅದನ್ನು ಖಂಡಿತ ಹಾಕಬೇಡಿ.