ಡಬ್ಬಗಳ್ಳಿ ಹುಳದಿಂದ ಕಂಬಳಿ ನೂಲಿಗೆ ಕೆಂಪು ಹಾಕೋದು ಹೇಗೆ?

ನಮ್ಮ ಕೊಪ್ಪಳದ ಕಡೆ ಹೊಲದ ಬದುವಿನಲ್ಲಿ ಡಬ್ಬಗಳ್ಳಿ ಇದ್ದರೆ ಬೇಸಿಗೆಯಲ್ಲಿ ಒಮ್ಮೆ ಹತ್ತಿರ ಹೋಗಿ ನೋಡಿ. ಪಾಪಾಸುಕಳ್ಳಿ ಅಂತಾರಲ್ಲ, ಅದೇ. ಅಲ್ಲಲ್ಲಿ ಬಿಳಿ ಹತ್ತಿ ಅಂಟಿದ ಹಾಗೆ ಕಾಣುತ್ತದೆ. ಬೂಷ್ಟು ಇರಬೇಕು ಅಂತ ನಾನೂ ಎಷ್ಟೋ ವರ್ಷ ಸುಮ್ನೆ ದಾಟಿಕೊಂಡು ಹೋಗಿದ್ದೇನೆ. ಕಡ್ಡಿಯಿಂದ ಕೆರೆದು ಉಗುರಿನ ಮೇಲೆ ಒರೆಸಿ. ರಕ್ತದಂಥ ಕೆಂಪು ಬರುತ್ತದೆ. ಅದು ಬೂಷ್ಟಲ್ಲ, ಹುಳ.

ಇದರ ದಾಯಾದಿಯೇ ಪೆರುವಿನ ಕೊಚಿನೀಲ್. ಕುಸ್ಕೊ ಹತ್ತಿರದ ಚಿಂಚೆರೊ ಊರಿನ ಕೆಚುವಾ ಅನ್ನುವ ಮೂಲನಿವಾಸಿ ಹೆಂಗಸರು ಇವತ್ತಿಗೂ ಆ ಹುಳವನ್ನು ಒಣಗಿಸಿ, ಅರೆದು, ಉಣ್ಣೆಗೆ ಕೆಂಪು ಹಾಕುತ್ತಾರೆ. ನಮ್ಮಲ್ಲಿಗೆ ಈ ಕುಲ ಬಂದ ಕಥೆ ಒಂಥರಾ ಎಡವಟ್ಟಿನದು. ಬಣ್ಣದ ಹುಳ ಅಂತಲೇ ನಂಬಿ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದರು. ಬಂದದ್ದು ಬೇರೆ ಜಾತಿ! ಬಣ್ಣ ಕಡಿಮೆ, ಕಳ್ಳಿ ತಿನ್ನೋದು ಜಾಸ್ತಿ. ಆಮೇಲೆ 1926ರಲ್ಲಿ ಇನ್ನೊಂದು ಜಾತಿಯನ್ನು ಹಬ್ಬಿದ ಕಳ್ಳಿ ಕೊಲ್ಲೋದಕ್ಕೆ ಅಂತಲೇ ಬಿಟ್ಟರು. ಹಾಗಾಗಿ ನಮ್ಮ ಹುಳ ಪೆರುವಿನಷ್ಟು ಗಾಢ ಬಣ್ಣ ಕೊಡೋದಿಲ್ಲ. ಆದರೆ ಕೊಡುತ್ತದೆ, ಅದೂ ಪುಕ್ಕಟೆ.

ಮೊದಲು ಉಣ್ಣೆ. ಕರಿ ಕುರಿಯ ಉಣ್ಣೆ ಮೇಲೆ ಯಾವ ಬಣ್ಣವೂ ಕಾಣೋದಿಲ್ಲ, ಆಸೆ ಬಿಡಿ. ದಖನಿ ಕುರಿ ಬಹುಪಾಲು ಕರಿ. ಬಳ್ಳಾರಿ ತಳಿಯಲ್ಲಿ ಬಿಳಿ, ಕರಿ ಎರಡೂ ಬೆರೆತಿರುತ್ತವೆ. ಉಣ್ಣೆ ಕತ್ತರಿಸುವ ಹೊತ್ತಿಗೆ ಕುರಿಗಾರರ ಹತ್ತಿರ ಹೋಗಿ "ಅಣ್ಣಾ, ಬಿಳಿ ಉಣ್ಣೆ ಬ್ಯಾರೆ ಇಡ್ರಿ" ಅಂತ ಮೊದಲೇ ಹೇಳಿಡಿ. ನೂತು ಲಡಿ ಮಾಡಿದ ನೂಲಾದರೆ ಇನ್ನೂ ಒಳ್ಳೆಯದು. ಆದರೆ ಹುಣಸೆ ಬೀಜದ ಗಂಜಿ ಹಾಕುವ ಮುಂಚೆಯೇ ತನ್ನಿ, ಗಂಜಿ ಕುಡಿದ ನೂಲಿಗೆ ಬಣ್ಣ ಸಮವಾಗಿ ಹತ್ತೋದಿಲ್ಲ. ಕೆಚುವಾದವರು ಎರಡು ಎಳೆ ಸೇರಿಸಿ ಬಿಗಿಯಾಗಿ ಹುರಿ ಮಾಡಿ ಹಾಸು ನೂಲಿಗೆ, ಅಂದರೆ ಮಗ್ಗದ ಉದ್ದದ ಎಳೆಗಳಿಗೆ, ಗಟ್ಟಿತನ ತರುತ್ತಾರೆ. ನಮ್ಮ ಕಂಬಳಿಯವರು ಆ ಕೆಲಸವನ್ನು ಗಂಜಿಯಿಂದ ಮಾಡಿಸುತ್ತಾರೆ.

ತೊಳೆಯೋದಕ್ಕೆ ಅಂಟುವಾಳಕಾಯಿ ಸಾಕು. ಚಿಂಚೆರೊದಲ್ಲೂ ಸಾಕ್ತಾ ಅನ್ನುವ ಬೇರನ್ನು ತುರಿದು ನೊರೆ ಬರಿಸಿ ಅದರಲ್ಲೇ ಉಣ್ಣೆ ತೊಳೆಯುತ್ತಾರೆ. ಬೆಚ್ಚಗಿನ ನೀರಲ್ಲಿ ನೆನೆಹಾಕಿ, ಮೆಲ್ಲಗೆ ಒತ್ತಿ ತೆಗೆಯಿರಿ. ಉಜ್ಜಬೇಡಿ, ಹಿಂಡಬೇಡಿ. ನಾನು ಮೊದಲ ಸಲ ಕುದಿಯುವ ನೀರಿಂದ ತೆಗೆದ ಲಡಿಯನ್ನು ನೇರ ತಣ್ಣೀರಿಗೆ ಹಾಕಿ ಬಟ್ಟೆ ಥರ ಕುಲುಕಿದೆ. ಪಕ್ಕದ ಮನೆಯಲ್ಲಿ ಐವತ್ತು ವರ್ಷ ಕದರು ತಿರುಗಿಸಿದ ಅವ್ವ ಒಬ್ಬರಿದ್ದಾರೆ, ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದನ್ನ ನೇಯಾಕ ಬರಂಗಿಲ್ಲ ತಮ್ಮಾ, ಒಲಿ ಮ್ಯಾಗಿನ ಪಾತ್ರಿ ಇಳಸಾಕ ಮಸಿಬಟ್ಟಿ ಮಾಡ್ಕೋ" ಅಂದರು. ನಿಜ, ಗಟ್ಟಿ ಉಂಡೆ ಆಗಿತ್ತು. ಈಗ ಒಲೆ ಹತ್ತಿರ ಅದೇ ಇದೆ.

ಇನ್ನು ಪಟಿಕ. ಗಡ್ಡ ಬೋಳಿಸಿದ ಮೇಲೆ ಹಚ್ಚುವ ಅದೇ ಕಲ್ಲು, ಬಣ್ಣ ನೂಲಿಗೆ ಕಚ್ಚಿಕೊಳ್ಳೋದಕ್ಕೆ ಬೇಕು. 100 ಗ್ರಾಂ ಒಣ ನೂಲಿಗೆ 15 ಗ್ರಾಂ ಪುಡಿ ಮಾಡಿ ಬಿಸಿನೀರಲ್ಲಿ ಕರಗಿಸಿ, ನೆನೆದ ನೂಲನ್ನು ಅದರಲ್ಲಿ ಮುಳುಗಿಸಿ ಒಂದು ತಾಸು ಸಣ್ಣ ಉರಿಯಲ್ಲಿಡಿ. ಕುದಿ ಬರಬಾರದು, ಹಬೆ ಆಡುತ್ತಿದ್ದರೆ ಸಾಕು. ಪಾತ್ರೆಯಲ್ಲೇ ರಾತ್ರಿಯಿಡೀ ತಣ್ಣಗಾಗಲಿ. ಅಂಗಡಿಯವರು ಮೈಲುತುತ್ತ ಹಾಕಿದರೆ ಬಣ್ಣ ಇನ್ನೂ ಚೆನ್ನ ಅಂತ ಹೇಳಬಹುದು. ಅದು ವಿಷ, ಮನೆಯಲ್ಲಿ ಬೇಡ. ಪಟಿಕಕ್ಕೂ ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯನ್ನೇ ಇಟ್ಟುಕೊಳ್ಳಿ. ಕಬ್ಬಿಣದ್ದು ಬೇಡ, ಬಣ್ಣ ಕಪ್ಪಿಗೆ ತಿರುಗುತ್ತದೆ.

ಹುಳ ಕೀಳುವಾಗ ದಪ್ಪ ಕೈಗವಸು ಹಾಕಿಕೊಳ್ಳಿ. ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ, ಕೂದಲಿನಂಥ ಸಣ್ಣ ಮುಳ್ಳು ಚರ್ಮಕ್ಕೆ ಹೊಕ್ಕು ಎರಡು ದಿನ ಕಾಡುತ್ತದೆ. ಹಳೆ ಟೂತ್‌ಬ್ರಷ್‌ನಿಂದ ತಟ್ಟೆಗೆ ಕೆರೆದು, ಬಿಸಿಲಲ್ಲಿ ಒಣಗಿಸಿ. ಮಳೆ ಬಂದರೆ ಹುಳ ತೊಳೆದುಹೋಗುತ್ತದೆ, ಅದಕ್ಕೇ ಬೇಸಿಗೆ ಅಂದದ್ದು. ತಾಳ್ಮೆ ಬೇಕು ಸ್ವಾಮಿ! ಪೆರುವಿನ ದೊಡ್ಡ ಹುಳವೇ ಒಂದು ಪೌಂಡ್ ಆಗೋದಕ್ಕೆ ಸುಮಾರು 70,000 ಬೇಕು ಅಂತ ಲೆಕ್ಕ. ನಾನು 100 ಗ್ರಾಂ ನೂಲಿಗೆ 30 ಗ್ರಾಂ ಒಣ ಹುಳ ಹಾಕಿದ್ದೆ, ಮೂರು ಬೆಳಗ್ಗೆ ಕೂತು ಕೆರೆದದ್ದು. ನುಣ್ಣಗೆ ಅರೆದು, ನೀರಲ್ಲಿ ಅರ್ಧ ತಾಸು ಕಾಯಿಸಿ, ಎರಡು ಸಲ ಬಟ್ಟೆಯಲ್ಲಿ ಸೋಸಿ, ಮೇಲೆ ತೇಲುವ ಮೇಣ ತೆಗೆದು, ನೂಲನ್ನು ಅದರೊಳಗೆ ಮುಳುಗಿಸಿ ಮತ್ತೆ ಒಂದು ತಾಸು ಸಣ್ಣ ಉರಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ನಮ್ಮ ಬೋರಿನ ನೀರು ಎಷ್ಟು ಗಡಸು ಅಂತ ಬೇರೆ ಹೇಳಬೇಕಾ, ಕೊಡದೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ. ಅದರಲ್ಲಿ ಈ ಕೆಂಪು ನೇರಳೆಗೆ ಜಾರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಬೆಸ್ಟ್, ಇಲ್ಲದಿದ್ದರೆ ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ತನ್ನಿ. ಚಿಂಚೆರೊದವರು ಇದೇ ಗುಣವನ್ನು ಬೇಕೆಂದೇ ಬಳಸುತ್ತಾರೆ: ಒಂದಿಷ್ಟು ನಿಂಬೆರಸ ಬಿದ್ದರೆ ಕಿತ್ತಳೆ ಕಡೆಗೆ, ಸೋಡಾದಂಥ ಕ್ಷಾರದ ಉಪ್ಪು ಬಿದ್ದರೆ ನೇರಳೆ ಕಡೆಗೆ. ನೀವೂ ಸಣ್ಣ ತುಂಡು ನೂಲಿನಲ್ಲಿ ಮಾಡಿ ನೋಡಿ. ಸೋಡಾ ಮಾತ್ರ ಚಿಟಿಕೆಗಿಂತ ಜಾಸ್ತಿ ಹಾಕಬೇಡಿ, ಉಣ್ಣೆ ಒರಟಾಗುತ್ತದೆ.

ಕಳ್ಳಿ ಸಿಗದವರು ದಾಳಿಂಬೆ ಸಿಪ್ಪೆ ಹಿಡಿಯಿರಿ. ಕುಷ್ಟಗಿ ಕಡೆ ತೋಟಗಳಲ್ಲಿ ಒಡೆದ ಹಣ್ಣು ಸುಮ್ನೆ ಬಿದ್ದಿರುತ್ತದೆ. 50 ಗ್ರಾಂ ಒಣ ಸಿಪ್ಪೆಗೆ ಚೆಂದದ ಸಾಸಿವೆ ಹಳದಿ. ಅರಿಶಿನ ಬೇಡ, ಬಿಸಿಲಿಗೆ ಹಾರಿಹೋಗುತ್ತದೆ.

ಬಣ್ಣ ಹಾಕಿದ ಮೇಲೆ ಪ್ರತಿ ಲಡಿಯಿಂದ ಒಂದು ಗೇಣು ನೂಲು ಕತ್ತರಿಸಿ ರಟ್ಟಿಗೆ ಕಟ್ಟಿಡಿ. ಅರ್ಧ ಕಿಟಕಿಯ ಬಿಸಿಲಿಗೆ, ಅರ್ಧ ಟ್ರಂಕಿಗೆ. ತಿಂಗಳಾದ ಮೇಲೆ ಹೋಲಿಸಿದರೆ ಯಾವುದು ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ಪಕ್ಕದಲ್ಲಿ ತೂಕ, ನೀರು, ತಿಂಗಳು ಬರೆಯಿರಿ. ಕುಸ್ಕೊದಲ್ಲಿ ನಿಲ್ಡಾ ಕಾಯನ್ಯಾಉಪಾ ಅನ್ನುವ ನೇಕಾರ್ತಿ 1996ರಲ್ಲಿ ನೇಕಾರರ ಕೇಂದ್ರ ಕಟ್ಟಿದಾಗಲೂ ಶುರುವಾದದ್ದು ಹೀಗೇ, ಹಿರಿಯರ ಹತ್ತಿರ ಕೂತು ಕೇಳಿ ಕಲಿತು. ನೀವೂ ಫೋನು ತೆಗೆದುಕೊಂಡು ಹೋಗಿ. ಮುಖದ ಬದಲು ಕೈಯ ವಿಡಿಯೋ ಮಾಡಿ. ಹಾಸು ಕಟ್ಟೋದು, ಗಂಜಿ ಬಳಿಯೋದು, ಎಳೆ ಹರಿದರೆ ಗಂಟು ಹಾಕೋದು ನಿಧಾನಕ್ಕೆ ತೋರಿಸಿ ಅಂತ ಕೇಳಿ. ಪ್ರತಿಯೊಂದಕ್ಕೂ ಅವರು ಏನು ಅಂತಾರೋ ಆ ಮಾತನ್ನೇ ಬರೆದುಕೊಳ್ಳಿ, ನಿಮ್ಮ ಮಾತಿಗೆ ಬದಲಾಯಿಸಬೇಡಿ.

ನನ್ನ ರಟ್ಟಿನ ಚೀಟಿಗಳನ್ನು ಆ ಅವ್ವನಿಗೆ ತೋರಿಸಿದೆ. ಓದೋದಕ್ಕೆ ಬರೋದಿಲ್ಲ. ಚೀಟಿ ಪಕ್ಕಕ್ಕಿಟ್ಟು ಒಂದೊಂದೇ ನೂಲು ತೆಗೆದುಕೊಂಡು ತುದಿಗೆ ಗಂಟು ಹಾಕುತ್ತಾ ಹೋದರು: ಬೋರಿನ ನೀರಿಗೆ ಒಂದು, ಮಳೆ ನೀರಿಗೆ ಎರಡು, ನಿಂಬೆಹಣ್ಣು ಹಾಕಿದ್ದಕ್ಕೆ ಮೂರು. ಚೀಟಿಯ ಇಂಕು ನೀರು ತಾಗಿ ಅಳಿಸಿಹೋಗಿದೆ, ಈಗ ನಾನೂ ಗಂಟನ್ನೇ ಎಣಿಸುತ್ತೇನೆ.