ಸ್ಟೀಲ್ ಟಾರ್ಗೆಟ್ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ
ರೈಫಲ್ ರೇಂಜಿಗೆ ದಯವಿಟ್ಟು ಗುಜರಿ ಅಂಗಡಿಯ ಕಬ್ಬಿಣ ತರಬೇಡಿ. ಸಾದಾ ಕಬ್ಬಿಣದಲ್ಲಿ ಕುಳಿ ಬೀಳುತ್ತದೆ, ಮುಂದಿನ ಗುಂಡಿನ ಚೂರು ಆ ಕುಳಿಯಿಂದ ನಿಮ್ಮ ಕಡೆಗೇ ವಾಪಸ್ ಬರಬಹುದು. ಎಆರ್500 ದರ್ಜೆಯ, ಅಂದರೆ ಸವೆತ ತಡೆಯುವಂತೆ ಗಟ್ಟಿ ಮಾಡಿದ ಉಕ್ಕಿನ ಪ್ಲೇಟೇ ಬೇಕು. ಅದಕ್ಕೆ ವೆಲ್ಡಿಂಗ್ ಮಾಡಿಸಬೇಡಿ, ಕಾದ ಜಾಗ ಮೆತ್ತಗಾಗುತ್ತದೆ. ಸರಪಳಿಯಲ್ಲಿ ತೂಗುಹಾಕಿ, ಮೇಲ್ತುದಿ ಶೂಟರ್ ಕಡೆ ಸುಮಾರು 20 ಡಿಗ್ರಿ ಬಾಗಿರಲಿ. ಆಗ ಹೆಚ್ಚಿನ ಚೂರು ನೆಲಕ್ಕೆ ಹೋಗುತ್ತದೆ.

ನಮ್ಮ ಸಾಗರ, ಹೊಸನಗರದ ಕಡೆ ಜಂಬಿಟ್ಟಿಗೆ ಕಲ್ಲು ಜಾಸ್ತಿ ಅಲ್ವಾ? ಪ್ಲೇಟಿನ ಕೆಳಗಿನ ಕಲ್ಲೆಲ್ಲ ತೆಗೆದು ಸಡಿಲ ಮಣ್ಣು ಹರಡಿ. ಟಾರ್ಗೆಟ್ ಹಿಂದೆ ಗುಂಡು ತಡೆಯಲು ಹಾಕಿದ ಮಣ್ಣಿನ ದಿಬ್ಬ ಮಳೆಗೆ ಕೊಚ್ಚಿಹೋಗಿರುತ್ತದೆ, ದೀಪಾವಳಿ ಹೊತ್ತಿಗೆ ಮತ್ತೆ ಏರಿಸಿ. ಸೆಂಟರ್‌ಫೈರ್ ರೈಫಲ್ಲಿಗೆ (ತೋಟಾದ ತಳದ ನಡುವೆ ಕಿಡಿಮದ್ದು ಇರುವ, ಹೆಚ್ಚು ಬಲದ ರೈಫಲ್) ಕನಿಷ್ಠ 100 ಮೀಟರ್ ದೂರ ಬಿಡಿ. ಒಳಗೆ ಉಕ್ಕಿನ ತಿರುಳಿರುವ ಸ್ಟೀಲ್ ಕೋರ್ ಗುಂಡು ಬೇಡವೇ ಬೇಡ. ಸುರಕ್ಷತಾ ಕನ್ನಡಕ ಸುಮ್ನೆ ನೋಡಲು ಬಂದವರಿಗೂ ಹಾಕಿಸಿ.