ಆಷಾಢಕ್ಕೂ ಒಂದು ಓಮೆರ್

ಹೊಲಿಗೆಯ ದುಡಿಮೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ದೀಪಾವಳಿ, ಕ್ರಿಸ್‌ಮಸ್, ಯುಗಾದಿ, ಅದರ ಬೆನ್ನಿಗೇ ಮದುವೆಗಳು. ಆಗ ರಾತ್ರಿ ಹನ್ನೊಂದು ಹೊಡೆದರೂ ಮಷಿನ್ ಮೇಲಿಂದ ಕಾಲು ತೆಗೆಯುವಂತಿಲ್ಲ. ಆಷಾಢ ಬಂತೆಂದರೆ ಮುಹೂರ್ತವಿಲ್ಲ, ಜಂಪರ್ ಹೊಲಿಸುವವರಿಲ್ಲ. ಪಿತೃಪಕ್ಷದಲ್ಲಿ ಮತ್ತೆ ಅದೇ ಕಥೆ. ನನ್ನ ಯಜಮಾನರು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುತ್ತಾರೆ. ಅಲ್ಲಿಯೂ ಲಗ್ನಪತ್ರಿಕೆ ಅಚ್ಚಾಗುವ ತಿಂಗಳುಗಳಲ್ಲೇ ಓವರ್‌ಟೈಮ್. ನಮ್ಮದು ಪಂಚಾಂಗ ನೋಡದ ಕ್ರೈಸ್ತ ಮನೆ, ಆದರೆ ಒಲೆ ಉರಿಯುವುದು ಊರಿನ ಪಂಚಾಂಗದ ಮೇಲೆಯೇ. ಇಬ್ಬರ ದುಡಿಮೆಯೂ ಕೂಡಿಯೇ ಏರುತ್ತದೆ, ಕೂಡಿಯೇ ಇಳಿಯುತ್ತದೆ.

ಇಂಥ ಮನೆಯಲ್ಲಿ ಇದ್ದುಕೊಂಡು, ದೇವರು ಕೊಟ್ಟದ್ದರಲ್ಲಿ ಮನಸ್ಸು ತುಂಬಿಸಿಕೊಳ್ಳುವುದು ನನಗೆ ಹೇಗೆ ರೂಢಿಯಾಯಿತು ಎಂದು ಬರೆಯುತ್ತಿದ್ದೇನೆ. ನಮ್ಮ ಹಿರಿಯರು ಬಾಸೆಲ್ ಮಿಷನ್ನಿನ ಕಾಲಕ್ಕೆ ವಿಶ್ವಾಸಕ್ಕೆ ಬಂದವರು. ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು, ಆಮೇಲೆ ನಮ್ಮ ಬೆಟಗೇರಿಯಲ್ಲಿ ನೆಲೆ ನಿಂತರು. ಹಾಗಾಗಿ ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎನ್ನುವುದು ಮಾತು ಕಲಿಯುವಾಗಲೇ ಬಾಯಿಗೆ ಬಂದದ್ದು. ಬಾಯಿಪಾಠವಾಗಿದ್ದ ಮಾತ್ರಕ್ಕೆ ಆಷಾಢದ ರಾತ್ರಿಯಲ್ಲಿ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಕೆಲಸವಿಲ್ಲದ ಅಂಥ ಒಂದು ತಿಂಗಳಲ್ಲಿ ಬೈಬಲ್ಲಿನ ವಿಮೋಚನಕಾಂಡದ 16ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಅರಣ್ಯದಲ್ಲಿ ಇಸ್ರಾಯೇಲರಿಗೆ ಮುಗಿಲಿಂದ ಮನ್ನ ಎಂಬ ಆಹಾರ ಸುರಿದ ಕಥೆ. ಅದು ಕೊತ್ತಂಬರಿ ಕಾಳಿನ ಹಾಗೆ ಬೆಳ್ಳಗಿತ್ತಂತೆ. ನಮ್ಮ ಕಡೆ ನಾವು ಹವೀಜ ಅನ್ನುತ್ತೇವಲ್ಲ, ಅದು. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್ ಹಿಡಿಯುವ ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ನಾಳೆಗೆ ಇರಲಿ ಎಂದು ಇಟ್ಟುಕೊಂಡವರದಕ್ಕೆ ಹುಳ ಬಿತ್ತು. ಆದರೆ ಆರನೆಯ ದಿನ ಎರಡರಷ್ಟು ಬೀಳುತ್ತಿತ್ತು, ವಿಶ್ರಾಂತಿಯ ಏಳನೆಯ ದಿನಕ್ಕೆಂದು ಎತ್ತಿಟ್ಟದ್ದಕ್ಕೆ ಹುಳ ಬೀಳಲಿಲ್ಲ. ಇದು 40 ವರ್ಷ ನಡೆಯಿತು.

ನಾನು ದಿನವೂ ಟೇಪು ಹಿಡಿಯುವವಳು. ದೊಡ್ಡ ಅಳತೆಯ ಜಂಪರ್ ಸಣ್ಣ ಮೈಗೆ ಹಾಕಿದರೆ ಅದು ಹೆಚ್ಚುಗಾರಿಕೆಯಲ್ಲ, ಭುಜದಿಂದ ಜಾರುತ್ತದೆ. ದೇವರ ಕೊಡುಗೆಗೂ ಹಾಗೆ ಒಂದು ಅಳತೆ ಇದೆ, ಅದು ನನ್ನ ಮೈ ನೋಡಿಯೇ ತೆಗೆದದ್ದು ಎಂದು ಆ ದಿನ ಹೊಳೆಯಿತು. ಅದೇ ಯಾತ್ರೆಯ ಬಗ್ಗೆ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಆ 40 ವರ್ಷ ಅವರ ಮೈಮೇಲಿನ ಬಟ್ಟೆ ಸವೆಯಲಿಲ್ಲ, ಕಾಲು ಬಾತುಹೋಗಲಿಲ್ಲ. ಬೋಧನೆ ಮಾಡುವವರು ಈ ವಚನವನ್ನು ಬೇಗ ದಾಟಿಬಿಡುತ್ತಾರೆ. ಸೀಸನ್ನಿನಲ್ಲಿ ಪೆಡಲ್ ತುಳಿದು ಕಾಲು ಬಾತುಕೊಳ್ಳುವ ನನ್ನಂಥವಳಿಗೆ ಅದನ್ನು ದಾಟಲಾಗುವುದಿಲ್ಲ. ಬಟ್ಟೆ ಹರಿಯಲಿಲ್ಲ ಎಂಬುದು ಕಣ್ಣಿಗೆ ಬೀಳುವ ಅದ್ಭುತವಲ್ಲ. ಮುಗಿಲಿಂದ ಬಿದ್ದದ್ದನ್ನು ಎಲ್ಲರೂ ಆರಿಸಿಕೊಂಡರು, ಹರಿಯದೆ ಉಳಿದದ್ದನ್ನು ಯಾರು ಲೆಕ್ಕಕ್ಕೆ ಹಿಡಿದಿದ್ದಾರು?

ಹಿಡಿಯೋಣ ಎಂದು ಸುರು ಮಾಡಿದೆ. ಗಿರಾಕಿಗಳ ಅಳತೆ ಬರೆಯುವ ವಹಿಯ ಹಿಂಬದಿಯ ಹಾಳೆಗಳಲ್ಲಿ, ಮಲಗುವ ಮುಂಚೆ, ಆ ದಿನ ಬಂದದ್ದನ್ನೂ ಕೆಡದೆ ಉಳಿದದ್ದನ್ನೂ ಬರೆಯುವುದು. ಒಂದು ಹಾಳೆಯನ್ನು ಇದ್ದ ಹಾಗೇ ಕೊಡುತ್ತೇನೆ: ‘ಫಾಲ್ ಹಚ್ಚಲು ಒಂದು ಸೀರೆ. ಮಷಿನ್ ಬೆಲ್ಟು ಹರಿಯಲಿಲ್ಲ. ಅತ್ತೆಗೆ ಕೆಮ್ಮು ಕಡಿಮೆ. ಬಾಜೂ ಮನೆಯ ಅಜ್ಜಿ ಹಕ್ಕರಕಿ ಸೊಪ್ಪು, ಗುರೆಳ್ಳು ಚಟ್ನಿ ಕೊಟ್ಟರು. ನಳ ಬಂತು.’ ಇಷ್ಟೇ. ದೊಡ್ಡ ಸಾಕ್ಷಿ ಹೇಳುವಂಥದ್ದು ಇದರಲ್ಲಿ ಒಂದೂ ಇಲ್ಲ. ಆದರೆ ಇದನ್ನು ಬರೆದ ಮೇಲೆ ‘ಇವತ್ತು ಏನೂ ಬರಲಿಲ್ಲ’ ಎಂದು ಪ್ರಾರ್ಥನೆಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ಆ ಚಟ್ನಿಯ ಬಟ್ಟಲಿನದೂ ಒಂದು ಮಾತಿದೆ. ಬಟ್ಟಲು ಖಾಲಿ ಕೊಡಬಾರದು ಎಂಬುದು ನಮ್ಮ ಕಡೆಯ ರೂಢಿ. ಮನೆಯಲ್ಲಿ ಇದ್ದ ಸ್ವಲ್ಪ ಸಕ್ಕರೆಯನ್ನೇ ಹಾಕಿ ಒಯ್ದೆ. ಅಜ್ಜಿ ಅದನ್ನು ನನ್ನ ಕೈಗೇ ತಿರುಗಿ ಸುರಿದು, “ನಾ ಏನ್ ವ್ಯಾಪಾರ ಮಾಡಾಕ ಬಂದಿದ್ದಿಲ್ಲವಾ, ನಿನಗ ಕೊಡಬೇಕನಿಸ್ತು, ಕೊಟ್ಟೆ. ತಗೊಳ್ಳಾಕೂ ಕಲೀಬೇಕು” ಅಂದರು. ಫಿಲಿಪ್ಪಿ ಊರಿನ ಸಭೆಯವರಿಗೆ ಅಪೊಸ್ತಲ ಪೌಲನು ಬರೆದ ಪತ್ರ ಆಗ ಬೇರೆ ರೀತಿ ಅರ್ಥವಾಯಿತು. ಹಸಿವಿದ್ದರೂ ಸಮೃದ್ಧಿ ಇದ್ದರೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎಂದು ಸೆರೆಯಲ್ಲಿ ಕೂತು ಬರೆದ ಅದೇ ಅಧ್ಯಾಯದಲ್ಲಿ ಅವನು, ಎಪಫ್ರೊದೀತನ ಕೈಯಲ್ಲಿ ಅವರು ಕಳಿಸಿದ್ದನ್ನು ಮುಟ್ಟಿಸಿಕೊಂಡು ಮನಸಾರೆ ಸಂತೋಷಪಡುತ್ತಾನೆ. ತೃಪ್ತಿ ಎಂದರೆ ಯಾರ ಹಂಗೂ ಬೇಡ ಎಂಬ ಬಿಗುಮಾನ ಅಲ್ಲ. ಆ ಪೌಲನೂ ಗುಡಾರ ಮಾಡುವ ಕಸುಬಿನವನು, ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಕೈಯಾರೆ ದುಡಿದವನು ಎನ್ನುವುದು ನನಗೆ ಬಹಳ ಸಂತೋಷದ ಸಂಗತಿ.

ಆ ಅಜ್ಜಿ ಲಿಂಗಾಯತರು. ಮನ್ನದ ಕಥೆಯನ್ನು ಅವರಿಗೆ ಹೇಳಿದಾಗ, “ನಮ್ಮ ಲಕ್ಕಮ್ಮನೂ ಹಂಗ ಅಂದಿದ್ದಳವ್ವಾ” ಅಂದರು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲಿಯೇ ಸುರಿದು ಬರಲು ಹೇಳಿದ ಕಥೆ ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ. ಸಿನಾಯಿ ಅರಣ್ಯದ ಓಮೆರ್ ನಮ್ಮ ಓಣಿಗೆ ಅಷ್ಟೇನೂ ಪರಕೀಯವಲ್ಲ ಎಂದು ನನಗೆ ನೆಮ್ಮದಿಯಾಯಿತು. ಅಜ್ಜಿಯೂ ನಾನೂ ಆ ಮಧ್ಯಾಹ್ನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆವು.

ಹಾಗಾದರೆ ಕೂಡಿಡಬಾರದೇ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಅದೇ ಬೈಬಲ್ಲಿನಲ್ಲಿ ಯೋಸೇಫನು ಸುಭಿಕ್ಷದ 7 ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಕಣಜಕ್ಕೆ ಹಾಕಿಸಿದ. ಅದು ಬರಗಾಲದಲ್ಲಿ ನಾಡಿಗೆಲ್ಲ ಅನ್ನವಾಯಿತು. ಹೆದರಿಕೆಯಿಂದ ಬಚ್ಚಿಟ್ಟದ್ದಕ್ಕೆ ಹುಳ ಬೀಳುತ್ತದೆ, ದೇವರು ಹೇಳಿದ ದಿನಕ್ಕೆಂದು ಎತ್ತಿಟ್ಟದ್ದಕ್ಕೆ ಬೀಳುವುದಿಲ್ಲ ಎಂದು ನಾನು ತಿಳಿದಿದ್ದೇನೆ. ಸೀಸನ್ನಿನ ವಾರದ ಗಳಿಕೆಯಲ್ಲಿ ಐದರಲ್ಲೊಂದು ಪಾಲು ಸಂಘದ ಉಳಿತಾಯಕ್ಕೆ ಹೋಗುತ್ತದೆ. ಅದು ಆಷಾಢದ್ದು. ಮುಂಚೆ ಆ ಹಣ ನೋಡಿದಾಗ ಇಷ್ಟೇನಾ ಅನಿಸುತ್ತಿತ್ತು, ಈಗ ಅದು ಆರನೆಯ ದಿನದ ಎರಡನೆಯ ಓಮೆರ್ ಅನಿಸುತ್ತದೆ. ಇದರ ಜೊತೆಗೆ ಮನೆಗೆ ತಿಂಗಳಿಗೆ ಎಷ್ಟು ಸಾಕು ಎಂದು ನಾಲ್ವರೂ ಕೂತು ಪಟ್ಟಿ ಮಾಡಿದೆವು: ಜೋಳ, ಅಕ್ಕಿ, ಬೇಳೆ, ಗ್ಯಾಸು, ಬಾಡಿಗೆ, ಅತ್ತೆಯ ಔಷಧ, ಶಾಲೆ. ಆ ಪಟ್ಟಿ ಇಲ್ಲದಿದ್ದಾಗ ಎಷ್ಟು ಬಂದರೂ ‘ಇನ್ನೂ ಬೇಕು’ ಎನ್ನುವುದಕ್ಕೆ ತಳವೇ ಇರಲಿಲ್ಲ.

ಭಾನುವಾರ ಮಷಿನ್ ಮುಚ್ಚುವುದು ಎಲ್ಲಕ್ಕಿಂತ ಕಷ್ಟದ್ದು. ಆಷಾಢದ ಖಾಲಿ ಭಾನುವಾರ ಮುಚ್ಚುವುದು ದೊಡ್ಡ ಮಾತಲ್ಲ. ದೀಪಾವಳಿಯ ಹಿಂದಿನ ಭಾನುವಾರ, ಗೋಡೆಯ ಗೂಟಕ್ಕೆ ಕತ್ತರಿಸಿಟ್ಟ ಬಟ್ಟೆಗಳು ಚೀಲ ಚೀಲ ತೂಗುತ್ತಿರುವಾಗ, ಮಷಿನ್ ಮೇಲೆ ಬಟ್ಟೆ ಹೊದಿಸಿ ಚರ್ಚಿಗೆ ಹೋಗುವುದಿದೆಯಲ್ಲ, ಅಲ್ಲಿ ವಿಶ್ವಾಸ ಎಷ್ಟಿದೆ ಎಂದು ತಿಳಿಯುತ್ತದೆ.

“ಅಕ್ಕಾರ, ನಾಳಿ ಸಂಜಿಕ ಬೇಕ ಬೇಕ್ರಿ.”

“ಇವತ್ತ ರಾತ್ರಿ ಕೂತು ಕೊಡ್ತೀನಿ ತಂಗಿ, ಇಲ್ಲಾ ಸ್ವಾಮಾರ ಮುಂಜಾನೆ ತಗೊಂಡ್ ಹೋಗು. ನಾಳಿ ಐತವಾರ.”

ಕೆಲವರು ಒಪ್ಪುತ್ತಾರೆ, ಕೆಲವರು ಬಟ್ಟೆ ಎತ್ತಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋದ ಗಿರಾಕಿ ಎರಡರಷ್ಟಾಗಿ ತಿರುಗಿ ಬಂದರು ಎಂದು ನಾನು ಹೇಳುವುದಿಲ್ಲ, ಹಾಗೆ ಆಗಿಲ್ಲ. ಆದರೆ ಶನಿವಾರ ಕತ್ತಲಾದ ಮೇಲೆ ನನ್ನ ಕೈಯಿಂದ ಆಗಬೇಕಾದದ್ದು ಮುಗಿಯಿತು, ಇನ್ನು ನನ್ನ ಮನೆ ನಡೆಸುವವನು ನಾನಲ್ಲದ ಇನ್ನೊಬ್ಬನು ಎಂದು ಮೈಗೇ ಗೊತ್ತಾಗುವ ದಿನ ವಾರಕ್ಕೊಂದಿದೆ. ಅದು ಸಿಕ್ಕದ್ದೇ ನನಗೆ ದೊಡ್ಡ ಗಳಿಕೆ.

ಇಲ್ಲಿ ಒಂದು ಮಾತನ್ನು ಖಡಾಖಂಡಿತ ಹೇಳಬೇಕು. ಹತ್ತು ಕೊಡು, ನೂರು ಬರುತ್ತದೆ ಎಂದು ಮೈಕಿನಲ್ಲಿ ಕೂಗುವ ಬೋಧನೆಯನ್ನು ನಾನು ಒಪ್ಪುವುದಿಲ್ಲ. ಅದು ದೇವರನ್ನು ಚೀಟಿ ನಡೆಸುವವನನ್ನಾಗಿ ಮಾಡುತ್ತದೆ. ಅಷ್ಟೇ ಬಲವಾಗಿ, ಬಡವರ ಬಾಯಿ ಮುಚ್ಚಿಸಲು ‘ಇದ್ದುದರಲ್ಲಿ ತೃಪ್ತಿಯಾಗಿರಿ’ ಅನ್ನುವುದನ್ನೂ ಒಪ್ಪುವುದಿಲ್ಲ. ಶಾಲೆಯ ಯೂನಿಫಾರ್ಮ್ ರಾಶಿಗಟ್ಟಲೆ ಹೊಲಿಸಿಕೊಂಡ ಗುತ್ತಿಗೆದಾರರೊಬ್ಬರು ನಮ್ಮ ಓಣಿಯ ಹೆಣ್ಣುಮಕ್ಕಳ ಕೂಲಿಯನ್ನು ಬಹಳ ಕಾಲ ತಡೆಹಿಡಿದಿದ್ದರು. ನಾವೆಲ್ಲ ಕೂಡಿ ಹೋಗಿ, ಲೆಕ್ಕ ಮುಂದಿಟ್ಟು, ಪಟ್ಟು ಹಿಡಿದು ಕೇಳಿ ತಂದೆವು. ಕೊಯ್ದವರ ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ. ನನ್ನ ಓಮೆರ್ ನನಗೆ ಸಾಕು ಎನ್ನುವುದು ಒಂದು, ನೆರೆಯವಳ ಓಮೆರನ್ನು ಯಾರೋ ಎತ್ತಿಕೊಂಡು ಹೋಗುವಾಗ ಸುಮ್ಮನಿರುವುದು ಬೇರೊಂದು.

ಚಿಂದಿಯ ವಿಷಯಕ್ಕೆ ಬರುತ್ತೇನೆ, ನನಗೆ ಬಹಳ ಪ್ರೀತಿಯದು. ಹೊಲಿಗೆಯ ಮನೆಯಲ್ಲಿ ಯಾವತ್ತೂ ಮುಗಿಯದೆ ಬರುವುದು ಅದೊಂದೇ. ಖಣದ ತುಂಡು, ಅಸ್ತರಿನ ಅಂಚು, ಪಾಪ್ಲಿನ್, ಇಳಕಲ್ ಸೀರೆಯ ಹರಿದ ಸೆರಗು. ಯೋಹಾನನ ಸುವಾರ್ತೆಯಲ್ಲಿ 5 ಜವೆಗೋದಿಯ ರೊಟ್ಟಿ, 2 ಮೀನಿನಿಂದ 5,000 ಜನಕ್ಕೆ ಉಣ್ಣಿಸಿದ ಮೇಲೆ ಯೇಸುಸ್ವಾಮಿ, ಮಿಕ್ಕ ತುಂಡು ಕೂಡಿಸಿರಿ, ಏನೂ ಹಾಳಾಗಬಾರದು ಎಂದರು. 12 ಪುಟ್ಟಿ ಆಯಿತು. ಬೇಕಾದಷ್ಟು ಕೊಡಬಲ್ಲವನೇ ತುಂಡಿನ ಚಿಂತೆ ಮಾಡಿದ. ಅಂದಿನಿಂದ ನಾನು ಚಿಂದಿ ಎಸೆಯುವುದಿಲ್ಲ, ಕೌದಿ ಮಾಡುತ್ತೇನೆ. ಆಷಾಢವೇ ಅದಕ್ಕೆ ಸುಗ್ಗಿ. ಕೆಳಗೆ ಮೆತ್ತಗಾದ ಹಳೆಯ ಕಾಟನ್ ಸೀರೆ ಹಾಸಿ, ಮೇಲೆ ತುಂಡುಗಳನ್ನು ಒಂದರ ಅಂಚಿಗೆ ಒಂದು ಹತ್ತಿಸಿ, ಅಂಚಿನಿಂದ ಸುರು ಮಾಡಿ ಸುತ್ತು ಸುತ್ತಾಗಿ ನಡುವಿನವರೆಗೆ ಕೈಹೊಲಿಗೆ. ಮಷಿನ್ ಹಚ್ಚಿದರೆ ಬೇಗ ಆಗುತ್ತದೆ, ಆದರೆ ಬಿರುಸಾಗುತ್ತದೆ, ಕೂಸಿನ ಮೈಗೆ ಒಗ್ಗುವುದಿಲ್ಲ. ನಮ್ಮ ಬೆಟಗೇರಿಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಸ್ಪತ್ರೆಯನ್ನು ಹಳಬರು ಈಗಲೂ ಜರ್ಮನ್ ದವಾಖಾನೆ ಅನ್ನುತ್ತಾರೆ. ಅಲ್ಲಿಗೆ ಹಳ್ಳಿಯಿಂದ ಹೆರಿಗೆಗೆ ಬಂದು ಹೊದಿಕೆ ತರದವರು ಇದ್ದರೆ ಅವರಿಗೆ ಕೊಟ್ಟು ಬರುತ್ತೇನೆ. ಬೈಬಲ್ಲಿನಲ್ಲಿ ಯೊಪ್ಪ ಎಂಬ ಊರಿನ ದೊರ್ಕಳು ಸತ್ತಾಗ ವಿಧವೆಯರು ಅವಳು ಹೊಲಿದುಕೊಟ್ಟ ಅಂಗಿಗಳನ್ನು ಅಪೊಸ್ತಲ ಪೇತ್ರನಿಗೆ ತೋರಿಸುತ್ತ ಅತ್ತರಂತೆ. ಹೊಲಿಗೆಯವಳಿಗೆ ಅದಕ್ಕಿಂತ ಹೆಚ್ಚಿನ ಹೆಸರು ಬೇಡ.

ನಮ್ಮ ಸ್ತ್ರೀ ಸಭೆಯಲ್ಲಿ ಹಿಡಿ ಜೋಳದ ಪದ್ಧತಿಯೂ ಇದೆ. ರೊಟ್ಟಿಗೆ ಹಿಟ್ಟು ಬೀಸಿಸಲು ಜೋಳ ಅಳೆಯುವಾಗ ಮೊದಲ ಹಿಡಿ ಬೇರೆ ಡಬ್ಬಿಗೆ. ತಿಂಗಳ ಕೊನೆಗೆ ಎಲ್ಲರದೂ ಕೂಡಿ ಒಂದು ಚೀಲವಾಗುತ್ತದೆ, ಅಗತ್ಯವಿದ್ದ ಮನೆಗೆ ಹೋಗುತ್ತದೆ. ಒಂದು ವರ್ಷ ಮಳೆ ಕೈಕೊಟ್ಟು ಹೆಸರು ಬೆಳೆ ಹೊಲದಲ್ಲೇ ಒಣಗಿದಾಗ ಆ ಚೀಲ ನಮ್ಮ ತವರು ಮನೆಗೇ ಬಂತು. ಕೊಡುವಾಗ ಹಿಡಿ ಬಿಗಿಹಿಡಿಯಬಾರದು ಎಂದು ಅವತ್ತಿನಿಂದ ನನ್ನ ತಾಯಿ ಕೈತುಂಬ ಮೊಗೆದು ಹಾಕುತ್ತಾಳೆ.

ಚಿಂತೆ ಪೂರಾ ಹೋಗಿದೆಯೇ ಎಂದು ಕೇಳಿದರೆ, ಇಲ್ಲ. ಮಗಳಿಗೆ ಧಾರವಾಡದಲ್ಲಿ ಓದುವ ಮನಸ್ಸಿದೆ. ಫೀ, ಹಾಸ್ಟೆಲ್ ಎರಡೂ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ತೆಗೆದು ಹೊಸ ಸಾಲು ಬರೆದೆವು. ತೃಪ್ತಿಯಿದ್ದವರು ಏನನ್ನೂ ಕೇಳಬಾರದು ಎಂದೇನೂ ಇಲ್ಲ. ಅನುದಿನದ ಆಹಾರವನ್ನು ಈಹೊತ್ತು ದಯಪಾಲಿಸು ಎಂದು ದಿನವೂ ಕೇಳಲು ಕಲಿಸಿದವನು ಯೇಸುಸ್ವಾಮಿಯೇ. ಹಾಗಾಗಿ ರಾತ್ರಿ ಪ್ರಾರ್ಥನೆಯಲ್ಲಿ ಆ ಸಾಲನ್ನು ಓದಿ ಕೇಳುತ್ತೇವೆ. ಸಂಘದಲ್ಲಿ ಕೂಡಿದ್ದು ಅರ್ಧಕ್ಕೆ ಸಾಲುತ್ತದೆ. ಇನ್ನರ್ಧಕ್ಕೆ ವಿದ್ಯಾರ್ಥಿವೇತನದ ಅರ್ಜಿ ಹಾಕುತ್ತಿದ್ದಾಳೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕಂತೆ, ಸೋಮವಾರ ಅಂಗಡಿ ತೆರೆಯುವ ಮುಂಚೆ ನಾವಿಬ್ಬರೂ ಹೋಗಿ ಬರಬೇಕು.